ಪಾದ್ರಿಗಳ ಕಾಲೇಜಿಗೆ ನಾನು ಬರೆದ ಎಂಟು ಸಾಲು

ಮಗ ಯೂನುಸ್ ಒಂದು ಬಿಳಿ ಹಾಳೆ ತಂದು ನನ್ನ ಮುಂದಿಟ್ಟ. ಲಾ ಕಾಲೇಜಿನ ಪಾದ್ರಿಗಳು ತಾಯಿಯ ಕೈಬರಹದಲ್ಲೇ ಕಾಗದ ಕೇಳಿದ್ದಾರೆ, ಕನ್ನಡವಾದರೂ ನಡೆಯುತ್ತದೆ ಅಂದ.

ನಾನು ಹಳ್ಳಿ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸು ಓದಿದವಳು. ನನ್ನ ಅಕ್ಷರ ಯಾವ ಕಾಲೇಜಿಗೆ ಬೇಕು ಅಂತ ನಕ್ಕೆ.

ಅವನು ನಗಲಿಲ್ಲ. "ಅಮ್ಮಾ, ಇಂಟರ್‌ವ್ಯೂನಲ್ಲಿ ಆ ಹಂಡೆ ವಿಷ್ಯ ಹೇಳ್ಬುಟ್ಟೆ" ಅಂದ.

ಹಂಡೆಯ ವಿಷಯ ಹೇಳದೆ ಮುಂದಕ್ಕೆ ಹೋಗಲಾರೆ.

ಶಿರಾದಲ್ಲಿ ನಮ್ಮದು ಕಲಾಯಿ ಅಂಗಡಿ. ತಾಮ್ರದ ಪಾತ್ರೆಗೆ ತವರ ಸವರುವ ಮೊದಲು ಒಳಗಿನ ಹಸಿರು ಕಿಲುಬು ಪೂರ್ತಿ ಹೋಗಬೇಕು, ಉಳಿದರೆ ಅಡಿಗೆ ವಿಷವಾಗುತ್ತದೆ. ದೊಡ್ಡ ಹಂಡೆಯಾದರೆ ಒಳಗಿಳಿದು, ಮರಳು ಹಾಕಿ, ಗೋಡೆ ಹಿಡಿದುಕೊಂಡು ಕಾಲಲ್ಲೇ ತಿರುಗಿ ತಿರುಗಿ ತಿಕ್ಕಬೇಕು.

ಆಗ ಯೂನುಸ್‌ಗೆ ಹದಿನಾಲ್ಕು. ಮದುವೆ ಸೀಸನ್ನು. ಅವನ ಅಬ್ಬಾ ಕೆಲಸದ ಮೇಲೆ ಪಾವಗಡದ ಕಡೆ ಹೋಗಿದ್ದರು.

ಇವನು ಆತುರಕ್ಕೆ ಒಂದು ಮದುವೆಯ ಹಂಡೆಯನ್ನು ಅರ್ಧಂಬರ್ಧ ತಿಕ್ಕಿ ಮೇಲೆ ತವರ ಸವರಿದ. ಹಂಡೆ ಹೊಳೆಯುತ್ತಿತ್ತು. ನಾನು ನೋಡಿದೆ... ನೋಡಿಯೂ ಗಾಡಿಗೆ ಏರಿಸಿ ಕಳಿಸಿದೆ.

ಬುಕ್ಕಾಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿ ಮದುವೆ. ಆ ಹಂಡೆಯಲ್ಲಿ ಮಾಡಿದ ಸಾರು ಉಂಡ ಇಪ್ಪತ್ತು ಜನ ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದರು. ಅಲ್ಲಾಹನ ದಯೆ, ಯಾರೂ ಸಾಯಲಿಲ್ಲ.

ಪೊಲೀಸರು ಹಿಡಿದದ್ದು ಅಡಿಗೆಯ ನಂಜಪ್ಪನನ್ನು. ಅಡಿಗೆಯಲ್ಲಿ ತಪ್ಪಿಲ್ಲ, ಕಲಾಯಿಯಲ್ಲೇ ತಪ್ಪು ಅಂತ ಅವನು ಹೇಳುತ್ತಲೇ ಇದ್ದ. ಅದಕ್ಕೆ ಮಧುಗಿರಿ ಕೋರ್ಟಿಗೆ ನನ್ನನ್ನು ಸಾಕ್ಷಿ ಹೇಳಲು ಕರೆಸಿದರು.

ನಾವು ಹಿಡಿದಿದ್ದ ವಕೀಲರು ಒಳ್ಳೆಯ ಮನುಷ್ಯರೇ. ಕೋರ್ಟಿನ ಮುಂದಿನ ಹುಣಸೇಮರದ ಕೆಳಗೆ ನನ್ನನ್ನು ಕೂರಿಸಿ, "ಕಿಲುಬು ಪೂರ್ತಿ ಬಿಡಿಸಿದ್ದು ಕಣ್ಣಾರೆ ನೋಡ್ದೆ ಅನ್ನು, ಅಷ್ಟೇ. ಜಾಸ್ತಿ ಮಾತಾಡಿದ್ರೆ ಮಗ ಒಳಕ್ ಹೋಯ್ತಾನೆ ಕಣಮ್ಮ" ಅಂದರು.

ದೇವರ ಮೇಲೆ ಪ್ರಮಾಣ ಮಾಡಿ ಅಷ್ಟನ್ನೇ ಹೇಳಿದೆ. ಯೂನುಸ್ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ.

ನಂಜಪ್ಪನಿಗೆ ಒಂದು ತಿಂಗಳು ಸಜೆಯಾಯಿತು. ಆಮೇಲೆ ಅವನನ್ನು ಯಾರೂ ಅಡಿಗೆಗೆ ಕರೆಯಲಿಲ್ಲ.

ಆ ಸುಳ್ಳು ಪ್ರಮಾಣಕ್ಕೆ ಪ್ರಾಯಶ್ಚಿತ್ತ ಅಂತ ನಾನು ಮೂರು ದಿನ ರೋಜಾ ಉಪವಾಸ ಇದ್ದೆ. ಐದು ಹೊತ್ತಿನ ನಮಾಜು ಒಂದನ್ನೂ ಬಿಟ್ಟವಳಲ್ಲ. ಮನೆಯಲ್ಲಿ ಮಾತ್ರ ಆ ಮಾತು ಯಾರೂ ಎತ್ತಲಿಲ್ಲ. ಅವನ ಅಬ್ಬಾ ಎತ್ತದೆಯೇ ತೀರಿಕೊಂಡರು.

ಯೂನುಸ್ ಬಿ.ಎ. ಮುಗಿಸಿದಾಗ ಅದೇ ವಕೀಲರು ಹೇಳಿ ಕಳಿಸಿದರು. ಬೆಂಗಳೂರಿನಲ್ಲಿ ಲಾ ಓದಲಿ, ಮುಗಿಸಿ ಬಂದು ನನ್ನ ಆಫೀಸಿನಲ್ಲೇ ಕೂರಲಿ ಅಂತ. ನನಗೆ ಖುಷಿಯಾಯಿತು.

ಇವನು ನೋಡಿದರೆ ಎರಡು ರೈಲು ಬದಲಾಯಿಸಿ ಹೋಗಬೇಕಾದ ಊರಿನಲ್ಲಿ ಕ್ಯಾಥೊಲಿಕ್ ಪಾದ್ರಿಗಳು ನಡೆಸುವ ಕಾಲೇಜಿಗೆ ಅರ್ಜಿ ಹಾಕಿ, ಇಂಟರ್‌ವ್ಯೂನೂ ಮುಗಿಸಿ ಬಂದಿದ್ದ.

"ಕೊರಳಿಗೆ ಶಿಲುಬೆ ಹಾಕ್ಕೊಂಡು ಬಂದ್ರೆ ನಾನೇನೋ ಮಾಡ್ಲಿ?" ಅಂದೆ.

"ಅವ್ರು ಕೇಳಿದ್ದು ಅದಲ್ಲಮ್ಮ. ಸುಳ್ಳು ಸಾಕ್ಷಿ ಹೇಳ್ಸು ಅಂತ ಕಕ್ಷಿದಾರ ಬಂದ್ರೆ ಏನ್ ಮಾಡ್ತೀಯ ಅಂದ್ರು. ಅದನ್ನ ನನ್ನ ಇನ್ಯಾರೂ ಕೇಳಿರ್ಲಿಲ್ಲ."

ಉತ್ತರವಾಗಿ ಇವನು ಹಂಡೆಯ ಕಥೆ ಹೇಳಿದ್ದಾನೆ. ಇದು ನಿಜವೆಂದು ನಿನ್ನ ತಾಯಿ ಬರೆದುಕೊಡಲಿ, ಆಮೇಲೆ ಸೀಟು ಅಂದಿದ್ದಾರೆ ಪಾದ್ರಿಗಳು.

ಬರೆಯದಿದ್ದರೆ ಸೀಟಿಲ್ಲ, ಹುಣಸೇಮರದ ವಕೀಲರ ಆಫೀಸೇ ಗತಿ. ಬರೆದರೆ, ಆ ಹಾಳೆ ಯಾರ ಕೈಗಾದರೂ ಸಿಕ್ಕರೆ, ಸಜೆ ನನಗೆ.

ನಾಲ್ಕು ದಿನ ಹಾಳೆ ಹಾಗೇ ಇತ್ತು.

ಐದನೇ ದಿನ ಮಸೀದಿಯ ಪೇಶ್ ಇಮಾಮ್ ಸಾಹೇಬರ ಮನೆಗೆ ಹೋಗಿ, ಪರದೆಯ ಆಚೆಯಿಂದ ಎಲ್ಲ ಹೇಳಿದೆ. ಪಾದ್ರಿಗಳಿಗೆ ಬರೆಯುವುದು ಬೇಡ ಅನ್ನುತ್ತಾರೆ ಅಂತ ಒಳಗೊಳಗೇ ಆಸೆ.

ಅವರು ಹೇಳಿದ್ದೇ ಬೇರೆ. "ಪಾದ್ರಿ ಸರಿಯಾಗೇ ಕೇಳವ್ನೆ ಬೇಟಿ. ಇಷ್ಟು ವರ್ಷ ಪಕ್ಕದಾಗಿದ್ದು ನಾನು ಕೇಳ್ಲಿಲ್ಲ. ಆ ಪ್ರಮಾಣಕ್ಕೆ ಮೂರು ರೋಜಾ ಸಾಲಲ್ಲ. ಅಲ್ಲಾಹನ ಮುಂದೆ ತಪ್ಪೊಪ್ಕೊಂಡು ತೌಬಾ ಮಾಡು, ಮೊದ್ಲು ಆ ಅಡಿಗೆಯವನ ಬಾಗ್ಲಿಗೆ ಹೋಗು."

ಮದುವೆ ನಡೆದ ಹಳ್ಳಿಯೇ ನಂಜಪ್ಪನ ಊರು, ಬಸ್ಸು ಹತ್ತಿ ಹೋದೆ. ಯೂನುಸ್ ಜೊತೆಗಿದ್ದ.

ನಂಜಪ್ಪ ಅಂಗಳದಲ್ಲಿ ಕತ್ತಾಳೆ ನಾರಿನ ಹಗ್ಗ ಹೊಸೆಯುತ್ತಿದ್ದ. ನಾನು ಹೇಳಿ ಮುಗಿಸುವವರೆಗೂ ಕೈ ನಿಲ್ಲಿಸಲಿಲ್ಲ.

"ಇದ ನನ್ತಾವ ಹೇಳಿದ್ರೆ ಏನ್ ಬಂತು ಬೂಬಮ್ಮ? ನಂಗೊತ್ತಿರೋ ವಿಷ್ಯ ತಾನೆ. ಆ ಮದ್ವೆ ಮನೆಯೋರ ಮುಂದೆ ಹೇಳ್ಬುಡು, ನಡಿ."

ಮೂವರೂ ನಡೆದೆವು. ಆ ಮನೆಯ ಜಗಲಿಯ ಮುಂದೆ ನಿಂತು ಎರಡನೇ ಸಲ ಹೇಳಿದೆ. ಸೆರಗಿನ ತುದಿ ಕೈಯಲ್ಲಿ ಒದ್ದೆಯಾಗಿತ್ತು. ಯಜಮಾನರು ಎಲೆಗೆ ಸುಣ್ಣ ಸವರುತ್ತಾ ಕೂತಿದ್ದರು, ಕೊನೆಗೆ "ಕೂತ್ಕೊಳ್ಳೋ ನಂಜಪ್ಪ" ಅಂದರು. ನಾನು ನಿಂತೇ ಇದ್ದೆ.

ಕಾಗದವನ್ನು ಅಲ್ಲೇ ಬರೆದೆ. ಎಂಟು ಸಾಲು. ಮಡಚಲು ಹೋದಾಗ ನಂಜಪ್ಪ ಕೈ ಚಾಚಿದ.

"ನಿನ್ನ ಮಾತ ಆ ಕೋರ್ಟೇನೋ ನಂಬ್ತು, ಪಾದ್ರಿ ನಂಬ್ತಾನೋ ಇಲ್ವೋ. ನನ್ನ ಹೆಬ್ಬೆಟ್ಟೂ ಇರ್ಲಿ, ಕೊಡಿಲ್ಲಿ."

ಹೆಬ್ಬೆಟ್ಟು ಒತ್ತಿ ಕೊಟ್ಟ. ಆಮೇಲೆ ಅವನೇ ಸ್ವಲ್ಪ ನಕ್ಕ.

ಯೂನುಸ್‌ಗೆ ಸೀಟು ಸಿಕ್ಕಿತು. ಶಿಲುಬೆ ಹಾಕಿಕೊಂಡು ಬರಲಿಲ್ಲ. ಓದಿಗೆ ಹೋಗುವ ಮುಂಚೆ ಶುಕ್ರವಾರದ ಜುಮ್ಮಾ ನಮಾಜು ತಪ್ಪಿಸುತ್ತಿದ್ದವನು ಈಗ ತಪ್ಪಿಸುವುದಿಲ್ಲ.

ಈಗ ಅವನು ಮಧುಗಿರಿಯಲ್ಲೇ ವಕೀಲ. ಹುಣಸೇಮರದ ಕೆಳಗೆ ಯಾರಿಗೂ ಪಾಠ ಹೇಳಿಕೊಡುವುದಿಲ್ಲ ಅಂತ ಗೊತ್ತಾಗಿ, ಅವನ ಬಳಿ ಬರುವ ಜನ ಕಡಿಮೆ. ಎದುರಿನ ಹಳೆಯ ವಕೀಲರ ಆಫೀಸಿನಲ್ಲಿ ಈಗಲೂ ಕೂರಲು ಜಾಗವಿರುವುದಿಲ್ಲ.

ಅವರನ್ನು ನಾನು ಬೈಯುವುದಿಲ್ಲ. ಅವರು ಹೇಳಿಕೊಟ್ಟರು, ಹೇಳಿದವಳು ನಾನು.

ನೀವಾಗಿದ್ದರೆ, ಆ ಕೋರ್ಟಿನಲ್ಲಿ, ಮಗ ಬಾಗಿಲಲ್ಲಿ ನಿಂತು ಕೇಳುತ್ತಿರುವಾಗ, ಅವನು ತಿಕ್ಕಿದ ಹಂಡೆಯ ಬಗ್ಗೆ ಏನು ಹೇಳುತ್ತಿದ್ದಿರಿ?