ಹಾರಿದ ಹತ್ತಿ

ನಿಜಾಮರ ಕಾಲದ ನಾರಾಯಣಖೇಡದಲ್ಲಿ ಹತ್ತಿ ಹಿಂಜುವ ಲಾಡ್ಲೇಸಾಬ ಬರುವುದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತಿತ್ತು. ಅವನ ಹಿಂಜುವ ಬಿಲ್ಲಿನ ಹೆದೆ ಓಣಿಯಾಚೆಯಿಂದಲೇ ಗುಂಯ್‌ಗುಡುತ್ತಿತ್ತು. ಯಾರದೇ ಮನೆಯಲ್ಲಿ ಅವರ ಹತ್ತಿ ಹಿಂಜಲು ಕೂತನೆಂದರೆ ಬಿಸಿಲುಕೋಲಿನಲ್ಲಿ ಹತ್ತಿ ಎಳೆಎಳೆಯಾಗಿ ತೇಲಾಡಿ, ಹೊತ್ತೇ ನಿಂತುಬಿಟ್ಟಿದೆಯೇನೋ ಅನ್ನಿಸುತ್ತಿತ್ತು. ಗಡ್ಡ ಯಾವುದು, ಹತ್ತಿ ಯಾವುದು ಅವನಿಗೇ ಗೊತ್ತಾಗುತ್ತಿರಲಿಲ್ಲ.

ಹಾಗೆ ಹಾರಿ ಗೋಡೆಗೆ, ಮೈಗೆ ಅಂಟಿದ್ದನ್ನು ಬಳಿದು ಚೀಲಕ್ಕೆ ತುಂಬಿಕೊಳ್ಳುತ್ತಿದ್ದ. ಚಳಿ ಬಿತ್ತೆಂದರೆ ಅದರಿಂದಲೇ ಒಂದು ರಜಾಯಿ ಹೊಲಿದು ಬಡವರಿಗೆ ಕೊಡುವುದು ಅವನ ಖೈರಾತು. ಈ ಸಲದ್ದು ಕೂಲಿ ಮಾಡುವ ಲಚ್ಚಮ್ಮನ ಹಸುಗೂಸಿಗೆ ಹೋಗಿತ್ತು.

ಒಂದು ಶುಕ್ರವಾರ ಮಸೀದಿಯಲ್ಲಿ ಪ್ರವಚನ ಮಾಡುವ ಖತೀಬರು ಹೇಳಿದರು: "ಕೇಳಲಾರ್ದ ತಗೊಂಡಿದ್ದು ಕೊಟ್ಟರ ಅದು ಖೈರಾತ್ ಅಲ್ಲ. ಹಕ್ಕುದಾರರು ಮಾಫ್ ಮಾಡಬೇಕು."

ಎಲ್ಲರೂ ತಲೆದೂಗಿದರು. ಲಾಡ್ಲೇಸಾಬನಿಗೆ ತನ್ನ ಚೀಲ ನೆನಪಾಯಿತು. ಇಷ್ಟು ವರ್ಷ ಊರವರ ಹತ್ತಿಯನ್ನು ತನ್ನದೆಂದು ದೇವರ ಮುಂದೆ ಇಟ್ಟೆನೇ?

ಮನೆಮನೆಗೆ ಹೋಗಿ ಮಾಫಿ ಕೇಳಿದ. "ಕಸ ಉಡುಗಿದ್ದಕ್ಕ ಮಾಫಿ ಏನೋ ಹುಚ್ಚಾ!" ಎಂದು ಮೊದಲ ಮನೆಯ ಪೀರಪ್ಪ ಹೊಟ್ಟೆ ಹಿಡಿದು ನಕ್ಕ. ಉಳಿದವರೂ ನಕ್ಕರು. ತೊಗರಿ ವ್ಯಾಪಾರದ ಮನೆಯ ಅಮೃತಬಾಯಿ ಮಾತ್ರ ನಗಲಿಲ್ಲ.

"ನನ್ನ ಹತ್ತಿ ನನಗ ತಂದು ಕೊಡು."

"ಎಲ್ಲಾ ಕೂಡಿ ಹೋಗ್ಯಾದರಿ ಅವ್ವಾರೆ. ಕೂಸು ಹೊದ್ಕೊಂಡಾದ."

"ಅದು ನನಗ್ಯಾಕ?"

ಅಟ್ಟ ಮುಟ್ಟುವಷ್ಟು ತೊಗರಿ ರಾಶಿ ಇದ್ದ ಮನೆ. ಹಿಡಿ ಹತ್ತಿಗೆ ಇಷ್ಟು ಜೀವ ಬಿಡುವುದೇ! ಆದರೂ ಹಕ್ಕು ಅವಳದು, ಏನು ಮಾಡುವುದು.

ಲಚ್ಚಮ್ಮನ ಗುಡಿಸಲಿಗೆ ಹೋದ. ಕೂಸು ರಜಾಯಿಯೊಳಗೆ ಮುಷ್ಟಿ ಕಟ್ಟಿ ಮಲಗಿತ್ತು. ಹೊಲಿಗೆ ಬಿಚ್ಚಲು ಅವನ ಕೈ ಬರಲಿಲ್ಲ.

"ಯಾಕ್ ಬಂದ್ರಿ ಸಾಬ್ರೆ?"

"ಏನಿಲ್ಲವ್ವ, ಸುಮ್ಮ ನೋಡಾಕ ಬಂದೆ."

ಮನೆಗೆ ಬಂದು ತನ್ನ ತಲೆದಿಂಬು ಕೈಗೆತ್ತಿಕೊಂಡ. ಬಿಚ್ಚುವ ಮೊದಲು ಹೆಂಡತಿ ಖಾಸಿಂಬಿಯ ಕಡೆ ನೋಡಿದ. "ನಿಮ್ಮವ್ವ ಮದುವ್ಯಾಗ ಕೊಟ್ಟಿದ್ದು. ತಗೋಲೇನು?"

ಅವಳು ಎದ್ದಳು. ಒಳಗೆ ಹೋಗಿ ತನ್ನ ದಿಂಬನ್ನೂ ತಂದು ಅವನ ಮುಂದಿಟ್ಟಳು.

ಎರಡನ್ನೂ ಹೊಸದಾಗಿ ಹಿಂಜಿ ಕೊಟ್ಟ. ಅಮೃತಬಾಯಿ ಹತ್ತಿಯನ್ನು ಒತ್ತಿ ನೋಡಿ, "ಆತು, ಮಾಫ್," ಎಂದು ಒಳಗೆ ಹೋದಳು.

ಮಧ್ಯಾಹ್ನ ಗಂಡಹೆಂಡತಿ ಕೈಯನ್ನೇ ದಿಂಬು ಮಾಡಿಕೊಂಡು ಚಾಪೆಯ ಮೇಲೆ ಒರಗಿದರು. ಬಿಸಿಲುಕೋಲಿನಲ್ಲಿ ಒಂದೆಳೆ ಹತ್ತಿ ತೇಲುತ್ತ ಬಂತು. ಅಭ್ಯಾಸಬಲದಿಂದ ಲಾಡ್ಲೇಸಾಬ ಕೈ ಚಾಚಿದ.

"ಇದು ನಿನ್ನ ದಿಂಬಿಂದೇನು?" ಎಂದು ಮೆಲ್ಲಗೆ ಕೇಳಿದ.

ಅವಳಿಗೆ ಆಗಲೇ ನಿದ್ದೆ ಹತ್ತಿತ್ತು. ಅವನು ಕೈ ಹಿಂದಕ್ಕೆ ತೆಗೆದುಕೊಂಡ.