ಮೆಹಂದಿ ಕೈಯ ದುಡಿಮೆ

ಅಪಘಾತದಲ್ಲಿ ಪೆಟ್ಟು ತಿಂದವರು ಮೊದಲು ಎಷ್ಟು ದುಡಿಯುತ್ತಿದ್ದರು ಅಂತ ವಿಚಾರಿಸಿ ವಿಮಾ ಕಂಪನಿಗೆ ವರದಿ ಕೊಡುವುದು ನನ್ನ ಕೆಲಸ. ಹಾಗೇ ಒಮ್ಮೆ ಚಿಕ್ಕಲಸಂದ್ರಕ್ಕೆ ಹೋಗಿದ್ದೆ. ಮದುವಣಗಿತ್ತಿಯರಿಗೆ ಮೆಹಂದಿ ಹಾಕುವ ಸವಿತಾ ಎಂಬ ಹುಡುಗಿಯ ಸ್ಕೂಟರಿಗೆ ಟೆಂಪೊ ಗುದ್ದಿ, ಬಲಗೈ ಮಣಿಕಟ್ಟು ಮುರಿದಿತ್ತು. ಪೇ ಸ್ಲಿಪ್ ಇಲ್ಲದ ಕೆಲಸ, ಅಕ್ಕಪಕ್ಕದವರನ್ನೇ ಕೇಳಬೇಕು.

ಪಕ್ಕದ ಮನೆಯ ಆಂಟಿ ಗೇಟಿನಲ್ಲೇ ಸಿಕ್ಕರು. "ಸವಿತಾ ಹೇಗೆ, ಚೆನ್ನಾಗಿ ದುಡೀತಿದ್ರಾ?" ಅಂದೆ.

ಆಂಟಿಯ ಮುಖ ಅರಳಿತು. "ಬಂಗಾರದಂಥ ಹುಡುಗಿ ಸಾರ್! ಮದುವೆ ಸೀಸನ್‌ನಲ್ಲಿ ಊಟಕ್ಕೂ ಪುರುಸೊತ್ತಿರ್ತಿರಲಿಲ್ಲ. ಕೈಗೆ ಸ್ವಲ್ಪ ಪೆಟ್ಟಾಗಿತ್ತು, ಈಗ ವಾಸಿಯಾಗಿದೆ. ಅಡುಗೆಯೆಲ್ಲ ಅವಳೇ ಮಾಡ್ತಾಳೆ. ಹುಡುಗ ಏನ್ಮಾಡ್ತಾನೆ?"

"ಯಾವ ಹುಡುಗ? ನಾನು ಇನ್ಶೂರೆನ್ಸ್‌ನವನು ಮೇಡಂ."

ಅವರು ಪೆಚ್ಚಾದರು. "ಅಯ್ಯೋ, ವಾಸಿಯಾಗಿದೆ ಅಂತ ಬರೀಬೇಡಿ ಸಾರ್. ಲೋಟಾನೂ ಎತ್ತಕ್ಕಾಗಲ್ಲ ಅವಳಿಗೆ. ಗಂಡಿನ ಕಡೆಯವರು ಅಂದ್ಕೊಂಡು ಸುಳ್ಳು ಹೇಳ್ಬಿಟ್ಟೆ" ಅಂತ ಕಣ್ಣೀರಿಟ್ಟರು.

ಮಾತು ಕೇಳಿ ಸವಿತಾ ಹೊರಗೆ ಬಂದಳು. ತಾನು ಮೆಹಂದಿ ಹಾಕಿದ್ದ ಕೈಗಳ ಫೋಟೊಗಳನ್ನು ಫೋನಿನಲ್ಲಿ ತೋರಿಸಿದಳು. ಆಮೇಲೆ ಒಂದು ಮೆಹಂದಿ ಕೋನ್ ತಂದು ಬಲಗೈಯಲ್ಲಿ ಹಿಡಿಯಲು ನೋಡಿದಳು. ಬೆರಳುಗಳನ್ನು ಮಡಚಲಾಗಲಿಲ್ಲ. ಕೋನ್ ಜಾರಿ ಬಿತ್ತು. ಆಂಟಿ ಅವಳನ್ನು ತಬ್ಬಿಕೊಂಡರು.

ಆಂಟಿಯ ಮಾತಿನಲ್ಲಿ ದುಡಿಮೆಯ ಭಾಗವನ್ನಷ್ಟೇ ವರದಿಗೆ ಸೇರಿಸಿದೆ. ಕೈಯ ವಿಷಯ ಕಣ್ಣಾರೆ ಕಂಡದ್ದನ್ನೇ ಬರೆದೆ. ಪರಿಹಾರದ ಕೇಸಿನಲ್ಲಿ ಸವಿತಾ ಹೇಳಿದ್ದ ಆದಾಯವನ್ನೇ ಕೋರ್ಟು ಒಪ್ಪಿತು.

ಈಗ ಯಾವ ಮನೆಗೆ ಹೋದರೂ, ಹೆಸರು ಹೇಳುವ ಮೊದಲೇ ಇನ್ಶೂರೆನ್ಸ್‌ನವನು ಅಂದುಬಿಡುತ್ತೇನೆ. ಅಷ್ಟು ಹೇಳಿದ ಮೇಲೆ ಕಾಫಿ ಮಾತ್ರ ಯಾರೂ ಕೊಡುವುದಿಲ್ಲ.