ಕುರಿ ಮಲಗುವ ಹೊಲದಲ್ಲಿ ಸಾಹೇಬರ ವ್ಯಾನು

ಹೋದ ವಾರ ನನ್ನ ಹೊಲಕ್ಕೆ ಒಂದು ಮನೆ ಬಂದು ನಿಂತಿತ್ತು. ಚಕ್ರದ ಮನೆ.

ಸಂಜೆ ರೊಟ್ಟಿ ಬುಟ್ಟಿ ಹೊತ್ತುಕೊಂಡು ಹೋಗಿ ನೋಡುತ್ತೇನೆ, ಉಜ್ಜಿನಿ ರಸ್ತೆಗೆ ಹತ್ತಿದ ನನ್ನ ಜೋಳದ ಹೊಲದ ನಟ್ಟನಡುವೆ ಬಿಳಿ ವ್ಯಾನು. ಪಕ್ಕದಲ್ಲಿ ಮಡಚುವ ಕುರ್ಚಿ. ಕುರ್ಚಿಯಲ್ಲಿ ಗಂಡ ಹೆಂಡತಿ. ಬಾಗಳಿ ಗುಡಿ ನೋಡಿಕೊಂಡು ಬಂದವರಂತೆ. ಗಂಡ ರಿಟೈರ್ ಆದ ಆಫೀಸರು. "ಬನ್ನಿ ಅಜ್ಜಿ, ಟೀ ಕುಡೀತೀರಾ?" ಎಂದರು. ನನ್ನ ಹೊಲಕ್ಕೆ ನನ್ನನ್ನೇ ಬರಮಾಡಿಕೊಂಡರು! (ಅಜ್ಜಿಯಂತೆ. ತಲೆಗೆ ಬಣ್ಣ ಹಚ್ಚದಿದ್ದರೆ ನನ್ನ ತಮ್ಮನ ಹಾಗೆ ಕಾಣುತ್ತಿದ್ದರು.)

"ಯಾರನ್ನ ಕೇಳಿ ನಿಲ್ಲಿಸೀರಿ?" ಎಂದೆ.

"ಕೇಳೋಣ ಅಂದ್ರೆ ಯಾರೂ ಇರಲಿಲ್ಲ. ಬೇಲಿ ಇಲ್ಲ, ಬೋರ್ಡ್ ಇಲ್ಲ. ಖಾಲಿ ಜಾಗ."

ಖಾಲಿ! ಬೆಳೆ ಕೊಯ್ದ ಹೊಲ ಖಾಲಿ ಎನ್ನುವುದಾದರೆ, ಊಟ ಮುಗಿದ ಮೇಲೆ ಅವರ ಅಡುಗೆಮನೆಯೂ ಖಾಲಿಯೇ ಅಲ್ಲವೇ? ಹೋಗಿ ಚಾಪೆ ಹಾಸಲೇ?

ಮರ್ಯಾದಸ್ಥರು, ಇಲ್ಲವೆನ್ನುವುದಿಲ್ಲ. ಕ್ಯಾಂಪಿಂಗ್‌ಗೂ ಎಟಿಕೆಟ್ ಇರುತ್ತದಂತೆ. ಹೊತ್ತು ಮುಳುಗುವಾಗ ಬರಬೇಕು, ಬೆಳಕು ಹರಿಯುವಾಗ ಹೋಗಬೇಕು, ಸದ್ದು ಮಾಡಬಾರದು, ಯಾರಿಗೂ ಗೊತ್ತಾಗಬಾರದು. ಸಾಹೇಬರು ಹೆಮ್ಮೆಯಿಂದ ಹೇಳಿದರು. ಹಾಗೆ ಬಂದು ಹಾಗೆ ಹೋಗುವವರಿಗೆ ನಮ್ಮ ಕಡೆ ಬೇರೆ ಹೆಸರಿದೆ. ನಾನು ಬಾಯಿ ಬಿಡಲಿಲ್ಲ. ಕುಡಿಯುತ್ತಿದ್ದ ಚಹಾ ಅವರದು.

ನನ್ನ ಚಿಂತೆ ಬೇರೆ. ಅವತ್ತೇ ಕುರಿಗಾರ ಬೀರಪ್ಪ ನನ್ನ ಹೊಲಕ್ಕೆ ಮಂದೆ ತರುವವನಿದ್ದ. ಕುರಿ ತರುಬಿಸುವುದು ಎನ್ನುತ್ತೇವೆ ನಾವು. ಕುರಿಗಳು ರಾತ್ರಿ ಹೊಲದಲ್ಲಿ ಮಲಗುತ್ತವೆ. ಬೆಳಗಾಗುವುದರೊಳಗೆ ಹಿಕ್ಕೆ, ಉಚ್ಚೆ ಎಲ್ಲ ನೆಲಕ್ಕೆ. ಅಂಗಡಿಯ ಗೊಬ್ಬರ ಅದರ ಮುಂದೆ ಬೂದಿ. ಅದಕ್ಕೇ ರೊಟ್ಟಿ ಬಡಿದು, ಜೋಳ ಅಳೆದು ಕುರಿಗಾರರನ್ನು ಕರೆಯುವುದು. ಕರೆಯದೆ ನಮ್ಮಲ್ಲಿ ಕುರಿಯೂ ಬಂದು ಮಲಗುವುದಿಲ್ಲ. ಹೋದ ಬೇಸಿಗೆ ನನಗೆ ಪಾಳಿ ಸಿಗಲಿಲ್ಲ, ಜೋಳ ನನ್ನ ಎದೆಯೆತ್ತರಕ್ಕೂ ಬರಲಿಲ್ಲ. ಈ ಸಲ ಬೀರಪ್ಪ ಕೊಟ್ಟಿದ್ದು ಒಂದೇ ರಾತ್ರಿ. ತಪ್ಪಿದರೆ ಮತ್ತೆ ಬೇಸಿಗೆ ಕಾಯಬೇಕು.

ಮಂದೆ ಬಂತು. ವ್ಯಾನಿನ ದೀಪ ಕಂಡು ಬದುವಿನ ಮೇಲೇ ನಿಂತಿತು. ಒಂದು ಮರಿಯೂ ಕೆಳಗಿಳಿಯಲೊಲ್ಲದು.

"ಏನಬೇ ಯವ್ವಾ ಇದು?" ಬೀರಪ್ಪ ಕೂಗಿದ. "ಕುರಿ ಬೆದರ್ಯಾವು. ಬಾಜು ಹೊಲದ ಗೌಡ್ರು ಮುಂಜಾನಿಂದ ಕರ್ಯಾಕ ಹತ್ಯಾರ. ಅತ್ತಾಗ ಹೊಡಕೊಂಡು ಹೋಗ್ಲೇನು?"

"ಹೋಗಿ ನೋಡಲೇ, ನಿನ್ನ ರೊಟ್ಟಿ ನಾಯಿಗೆ ಹಾಕ್ತೀನಿ!" ಎಂದು ಅವನ ಬಾಯಿ ಮುಚ್ಚಿಸಿ ಇತ್ತ ತಿರುಗಿದೆ. "ಗಾಡಿ ತಗೀರಿ ಸಾಹೇಬ್ರ."

"ಕತ್ತಲಾದ ಮೇಲೆ ಡ್ರೈವ್ ಮಾಡಬಾರದು ಅನ್ನೋದು ನಮ್ಮ ರೂಲ್, ಅಜ್ಜಿ."

ರೂಲ್ ಅವರದು. ಹೊಲ ಯಾರದು?

ಹೆಂಡತಿಗೆ ಬುದ್ಧಿ ಇತ್ತು. "ರೀ, ಮೊದಲು ಆ ಲೈಟ್ ಆರಿಸಿ" ಎಂದವರು ತಾವೇ ಎದ್ದು ಆರಿಸಿದರು, ಕುರ್ಚಿ ಮಡಚಿ ಒಳಗಿಟ್ಟರು. ಕುರಿಗಳು ಇಳಿದವು. ಬೀರಪ್ಪ ವ್ಯಾನನ್ನೂ ಒಳಗೆ ಸೇರಿಸಿಕೊಂಡೇ ಸುತ್ತ ಬಲೆ ಕಟ್ಟಿದ.

"ಇರ್ಲಿ ಬಿಡಬೇ, ಇವರನ್ನೂ ಹಟ್ಟಿಯೊಳಗ ಹಾಕಿದ್ರಾತು. ತೋಳ ಬಂದ್ರ ಇವರಿಗೂ ಕಾವಲಾತು."

ಬೆಳಗ್ಗೆ ಹೋದರೆ ಸಾಹೇಬರು ಕಿಟಕಿಯಿಂದ ತಲೆ ಹೊರಗೆ ಹಾಕಿದ್ದರು. ಬಾಗಿಲಿಗೆ ಒಂದು ಟಗರು ಒರಗಿ ಮಲಗಿತ್ತು.

"ನಾವು ಬೇಗ ಹೊರಡಬೇಕಿತ್ತಲ್ಲಪ್ಪ."

"ಟಗರಿಗೆ ಹೇಳ್ರಿ" ಎಂದ ಬೀರಪ್ಪ. ಆಮೇಲೆ ನನ್ನ ಹತ್ತಿರ ಬಂದು ದನಿ ತಗ್ಗಿಸಿದ. "ಒಳಗ ಪಾಯಿಖಾನಿ ಸೈತ ಐತಂತಬೇ. ರಾತ್ರಿಪೂರ ಹೊಲದಾಗ ಇದ್ದು ಹೊಲಕ್ಕ ಏನೂ ಕೊಡಲಾರದ ಮಂದಿ!"

ಬಿಸಿಲೇರಿದ ಮೇಲೆ ಬಲೆ ಬಿಚ್ಚಿ ಮಂದೆ ಹೊರಟಿತು. ಸಾಹೇಬರು ವ್ಯಾನನ್ನು ರಸ್ತೆಗೆ ಹತ್ತಿಸಿ ಮತ್ತೆ ನಡೆದು ಬಂದರು. ಬಗ್ಗಿ ಬಗ್ಗಿ ಹುಡುಕಿ, ತಾವು ತಿಂದ ಶೇಂಗಾ ಸಿಪ್ಪೆಯನ್ನೂ ಬಿಡದೆ ಹೆಕ್ಕಿ ಜೇಬಿಗೆ ಹಾಕಿಕೊಂಡರು. ಕೈ ಮುಗಿದರು.

"ನೋಡಿ ಅಜ್ಜಿ, ನಾವು ಇಲ್ಲಿ ಏನೂ ಬಿಟ್ಟಿಲ್ಲ."

ನೋಡಿದೆ. ಬಲೆಯೊಳಗಿದ್ದ ನೆಲವೆಲ್ಲ ಹಿಕ್ಕೆ ಬಿದ್ದು ಕಪ್ಪಗಾಗಿತ್ತು. ನಡುವೆ ವ್ಯಾನಿನಷ್ಟೇ ಉದ್ದ, ವ್ಯಾನಿನಷ್ಟೇ ಅಗಲ, ಗುಡಿಸಿ ಬಿಟ್ಟಂತೆ ಬೋಳು ಮಣ್ಣು.

ಬೀರಪ್ಪ ಕೊಟ್ಟೂರು ದಾರಿ ಹಿಡಿದಾಗಿತ್ತು. ಈಗ ಆ ಜಾಗದಲ್ಲಿ ಯಾರನ್ನು ಕರೆದು ಮಲಗಿಸಲಿ, ನೀವೇ ಹೇಳಿ?